ಎರಡನೇ ಮಂಚ

ಪ್ರೀತಿಯ ತಂಗಿ,

ಪ್ರೊಫೆಸರೊಬ್ಬ ಹಳೇ ಸೀಟಿ ಊದಿ ದೆವ್ವವನ್ನು ಬರಮಾಡಿಕೊಳ್ಳುವ ಕಥೆ ಇದೆಯಲ್ಲ, ಇಂಗ್ಲಿಷ್ ಲೇಖಕ ಎಂ. ಆರ್. ಜೇಮ್ಸ್‌ನದು, ಅದರಿಂದ ನೀನು ಮಾಡಿದ ಚಿತ್ರಕಥೆ ಎರಡು ಸಲ ಓದಿದೆ. ‘ಯಾರಿಗೂ ಭಯವೇ ಆಗ್ತಿಲ್ಲ, ಬರೆಯೋದೇ ಬಿಡ್ತೀನಿ’ ಅಂತ ಕೊನೇ ಪುಟದಲ್ಲಿ ಗೀಚಿದ್ದೀಯಲ್ಲ, ಅದನ್ನು ಕಂಡು ಸಂಕಟವಾಯಿತು. ಮಾರ್ಜಿನ್ನು, ಸಾಫ್ಟ್‌ವೇರು ಅಂತೆಲ್ಲ ಕೇಳಿದ್ದೀಯ. ಅವು ಒಂದು ಮಧ್ಯಾಹ್ನದ ಕೆಲಸ, ಬಿಡು. ನನ್ನ ಜಗಳವೆಲ್ಲ 11ರಿಂದ 18ನೇ ಪುಟದವರೆಗಿನ ಫ್ಲ್ಯಾಶ್‌ಬ್ಯಾಕ್ ಮೇಲೆ. ದೆವ್ವ ಯಾರದು, ಹೇಗೆ ಸತ್ತ, ಯಾರ ಮೇಲೆ ಸಿಟ್ಟು: ಎಂ. ಆರ್. ಜೇಮ್ಸ್ 1904ರ ಸಂಕಲನದ ಆ ಸೀಟಿಯ ಕಥೆಯಲ್ಲಿ ಇದ್ಯಾವುದನ್ನೂ ಹೇಳಿಲ್ಲ. ನಿನಗ್ಯಾಕೆ ಬೇಕಿತ್ತು?

ಜೊನಾಥನ್ ಮಿಲ್ಲರ್ 1968ರಲ್ಲಿ ಇದೇ ಕಥೆಯನ್ನು ಬಿಬಿಸಿಗೆ ಚಿತ್ರ ಮಾಡಿದ್ದನ್ನು ಹುಡುಕಿ ನೋಡು. ಕಪ್ಪು-ಬಿಳುಪು, ಮುಕ್ಕಾಲು ಗಂಟೆಯೂ ಇಲ್ಲ. ಕಥೆಯಲ್ಲಿ ಯುವಕನಾಗಿದ್ದ ಪ್ರೊಫೆಸರ್ ಇಲ್ಲಿ ತನ್ನಷ್ಟಕ್ಕೇ ಗೊಣಗುವ ಹಿರಿಯ, ನಟ ಮೈಕೇಲ್ ಹಾರ್ಡರ್ನ್. ದೆವ್ವ ಅಂದರೆ ಕಡಲತೀರದಲ್ಲಿ ದೂರದಿಂದ ತೇಲಿಬರುವ ಹರಕು ಬಟ್ಟೆ, ಕೊನೆಗೊಂದು ದುಪ್ಪಟಿ. ಕಥೆಯಲ್ಲಿ ಅದೇ ವಸತಿಗೃಹದಲ್ಲಿದ್ದ ಕರ್ನಲ್ ಒಬ್ಬ ಸೀಟಿಯನ್ನು ಸಮುದ್ರಕ್ಕೆ ಎಸೆದು ನಮಗೆ ಉಸಿರಾಡಲು ಬಿಡುತ್ತಾನೆ. ಮಿಲ್ಲರ್ ಅದನ್ನೂ ಕೊಡುವುದಿಲ್ಲ.

2010ರಲ್ಲಿ ಬಿಬಿಸಿ ಮತ್ತೆ ಕೈಹಾಕಿತು. ಜಾನ್ ಹರ್ಟ್ ಎಂಥಾ ನಟ! ಆದರೆ ಮರೆವಿನ ಕಾಯಿಲೆಯ ಹೆಂಡತಿಯನ್ನು ತಂದು ದೆವ್ವಕ್ಕೊಂದು ಕಾರಣ ಹೊಲಿದರು, ಸೀಟಿಯ ಬದಲು ಉಂಗುರ ಇಟ್ಟರು. ಹೆಸರಲ್ಲಿ ಮಾತ್ರ ಸೀಟಿ ಹಾಗೇ ಉಳಿಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ.

ನಿನ್ನದೂ ಅದೇ ದಾರಿ. ಪುಟಕ್ಕೊಂದು ನಿಮಿಷ ಅಂದರೆ ಎಂಟು ನಿಮಿಷ ಪ್ರೊಫೆಸರ್ ಪರದೆಯ ಮೇಲೇ ಇಲ್ಲ. ನೋಡುವವನು ಯಾರಿಗಾಗಿ ಹೆದರಬೇಕು? ಸತ್ತವನಿಗಾಗಿಯೇ?

ಮೂಲಕಥೆಯ ಜೆರಾಕ್ಸ್ ಮಾಡಿಸು. ಕಾಣುವುದು, ಕೇಳುವುದು ಎಲ್ಲದಕ್ಕೂ ಕೆಂಪು ಗೆರೆ. ಮನಸ್ಸಿನಲ್ಲಿ ನಡೆಯುವುದಕ್ಕೆ ನೀಲಿ. ಪ್ರತಿ ನೀಲಿಗೂ ಒಂದು ವಸ್ತುವೋ ಶಬ್ದವೋ ಸಿಗಬೇಕು, ಸಿಗದಿದ್ದರೆ ಹೊಡೆದುಹಾಕು. ಆಗ ಕೆಲಸದವಳ ಮಾತು ಕಣ್ಣಿಗೆ ಬೀಳುತ್ತದೆ: ಕೋಣೆಯಲ್ಲಿ ಮಲಗಿದವನು ಒಬ್ಬ, ಬೆಳಿಗ್ಗೆ ನೋಡಿದರೆ ಎರಡು ಮಂಚದ ಹಾಸಿಗೆಯೂ ಮುದುಡಿದೆ. ಹೆಚ್ಚುವರಿ ಕಂಬಳಿ ಯಾವ ಮಂಚಕ್ಕೆ ಹಾಕಲಿ ಅಂತ ಅವಳು ಸುಮ್ಮನೆ ಕೇಳುತ್ತಾಳೆ. ಇಂಥ ಚಿನ್ನವನ್ನು ಬಿಟ್ಟು ಶಾಪದ ಕಥೆ ಹೆಣೆದೆಯಲ್ಲೇ, ಪುಣ್ಯಾತ್ಗಿತ್ತಿ!

6ನೇ ಪುಟದಲ್ಲಿ ಎರಡೂ ಮಂಚ ತೋರಿಸು, ಯಾರೂ ಅದರ ಮಾತೆತ್ತಬಾರದು. ಫ್ಲ್ಯಾಶ್‌ಬ್ಯಾಕ್ ಕಿತ್ತುಹಾಕಿ, ಕೆಲಸದವಳು 14ನೇ ಪುಟಕ್ಕೆ ಬರಲಿ. ದುಪ್ಪಟಿ ಏಳುವ ಮೊದಲು ಪ್ರೊಫೆಸರ್ ಕಿಟಕಿಯ ಚಿಲಕ ಹಾಕಲಿ. ಇಲ್ಲದಿದ್ದರೆ ಎಲ್ಲರೂ ಗಾಳಿ ಅಂದುಕೊಳ್ಳುತ್ತಾರೆ. ಎದ್ದದ್ದನ್ನು ಪೂರ್ತಿ ಬೆಳಕಲ್ಲಿ, ತಲೆಯಿಂದ ನೆಲದವರೆಗೆ ತೋರಿಸಿದೆಯೋ, ಒಗೆದು ಒಣಹಾಕಿದ ಬಟ್ಟೆಯಾಯಿತು. ಒಂದು ಮೂಲೆ, ಒಂದು ಮಡಿಕೆ, ಎರಡು ಸೆಕೆಂಡು ಸಾಕು.

ಸೀಟಿಯ ಸದ್ದು ಮೆತ್ತಗಿದ್ದರೂ ಮೈಲಿಗಟ್ಟಲೆ ಕೇಳಿಸೀತು ಎನ್ನುವಂತಿತ್ತು ಅನ್ನುತ್ತಾನೆ ಜೇಮ್ಸ್. ಮೊದಲು ಆ ಒಂದು ದೃಶ್ಯ ಬರೆದು ಕಳಿಸು. ‘ಭಯಾನಕ ಶಬ್ದ’ ಅಂತ ಬರೆದಿದ್ದರೆ ಓದದೇ ವಾಪಸ್ ಕಳಿಸುತ್ತೇನೆ.

ನಿನ್ನ ಅಣ್ಣ