ಆ ಫಾರಂ ಮೇಲೆ ಯಾರ ಸಹಿ?

ಪುಟ್ಟಿ,

ನಿನ್ನೆ ಮಾತಿನ ಮಧ್ಯೆ ಫೋನ್ ಇಟ್ಟಿದ್ದು ನೀನು, ನಾನಲ್ಲ. ಇರಲಿ. ನನಗೆ ಮನಸ್ಸಾಗುವುದು ಹೆಣ್ಣಿನ ಮೇಲೆ ಅಂತ ನೀನು ಮಾಡಿದ ಭಾಷಣ, ನಿನ್ನ ಹೆಸರು, ಫೋಟೊ ಎಲ್ಲಾ ಪೇಪರಿನಲ್ಲಿ ಬಂದಿದೆ. ನಿಮ್ಮಪ್ಪ ಅದನ್ನು ಕತ್ತರಿಸಿ ಬೀರುವಿನಲ್ಲಿ ಇಟ್ಟಿದ್ದಾರೆ, ನನಗೆ ಗೊತ್ತಿಲ್ಲ ಅಂದುಕೊಂಡು. ದೊಡ್ಡಪ್ಪ ಬೆಳಿಗ್ಗೆಯೇ ಫೋನ್ ಮಾಡಿ, ಒಳ್ಳೇ ಡಾಕ್ಟರಿಗೆ ತೋರಿಸಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ ಭಾವ, ಇನ್ನು ಯಾವ ಡಾಕ್ಟರು ಅಂದೆ. ಆ ಇಸವಿ ಬಾಯಿಪಾಠ ಮಾಡಿಸಿದ್ದು ನೀನೇ. ಉಪಯೋಗಕ್ಕೆ ಬಂತು.

ಭಾಷಣ ಪೂರ್ತಿ ಓದಿದೆ. ಅಮ್ಮ ಒಪ್ಪುವುದಕ್ಕಿಂತ ನನ್ನನ್ನು ನಾನೇ ಒಪ್ಪಿಕೊಳ್ಳೋಕೆ ಜಾಸ್ತಿ ವರ್ಷ ಹಿಡಿಯಿತು ಅಂದಿದ್ದೀಯ. ಆ ವರ್ಷಗಳ ಮಾತು ಇಲ್ಲಿ ಬೇಡ, ಇಬ್ಬರಿಗೂ ಗೊತ್ತು. ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಬೇರೆ, ನಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಅನ್ನುವುದು ಬೇರೆ ಅಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಗಂಡು-ಹೆಣ್ಣು ಅನ್ನೋದೆಲ್ಲ ಸಮಾಜ ಹೊಲಿದ ಅಂಗಿ, ಬಿಚ್ಚಿಟ್ಟರಾಯಿತು ಅಂದಿದ್ದು ಅಷ್ಟು ಸುಲಭ ಅನ್ನಿಸಲಿಲ್ಲ. ಮನೆಯ ಲೆಕ್ಕವೆಲ್ಲ ನೋಡುವುದು ನಾನು. ಬ್ಯಾಂಕಿನವರು ಮಾತಾಡುವುದು ಮಾತ್ರ ನಿಮ್ಮಪ್ಪನ ಮುಖ ನೋಡಿಕೊಂಡೇ. ನಾನು ಬಿಚ್ಚಿದರೂ ಅವರು ಮತ್ತೆ ತೊಡಿಸುತ್ತಾರೆ.

ನೀನು ಮೈಕ್ ಹಿಡಿದಿದ್ದಕ್ಕೆ ನನಗೆ ಭಯವಿಲ್ಲ. ಭಯ ಬೇರೆ ಕಡೆ ಇದೆ. ಅಪ್ಪನಿಗೆ ಆಪರೇಷನ್ ಆದಾಗ ಒಂದು ಫಾರಂ ಕೊಟ್ಟರು, ನೆನಪಿದೆಯಾ? ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನು. ಕೆಳಗೆ ಸಹಿ, ಪಕ್ಕದಲ್ಲಿ 'ರೋಗಿಗೆ ಏನಾಗಬೇಕು'. ಹೆಂಡತಿ ಅಂತ ಬರೆದೆ. ನರ್ಸ್ ತಲೆಯೆತ್ತಿಯೂ ನೋಡದೆ ಒಳಗೆ ಬಿಟ್ಟರು. ನಾಳೆ ನಿನಗೇ ಏನಾದರೂ ಆದರೆ ನಿನ್ನ ಸಂಗಾತಿ, ಅವಳು ಅಲ್ಲಿ ಏನು ಬರೆಯಬೇಕು? ಫ್ರೆಂಡ್ ಅಂತಲಾ? ಬರೆದು ಹೊರಗಿನ ಬೆಂಚಿನ ಮೇಲೆ ಕೂತಿರಬೇಕಾ? ನಾವು ಬರುವವರೆಗೆ ಡಾಕ್ಟರು ಕಾಯುತ್ತಾರಾ? ನಾವೇ ಇಲ್ಲದಿದ್ದರೆ? ರಾತ್ರಿ ಎಚ್ಚರವಾದರೆ ಇದೇ. ಆ ಫಾರಂ, ಆ ಪೆನ್ನು, ಏನೂ ಬರೆಯದೆ ನಿಂತಿರುವ ಅವಳು. ಅಪ್ಪನಿಗೆ ಹೇಳಿದರೆ ಸುಮ್ನೆ ಮಲಗು ಅನ್ನುತ್ತಾರೆ. ಅವರೂ ಮಲಗುವುದಿಲ್ಲ.

2018ರಲ್ಲಿ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನಲ್ಲಿ, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತು. 2023ರ ಅಕ್ಟೋಬರ್ 17ಕ್ಕೆ ಅದೇ ಕೋರ್ಟು, ನಿಮ್ಮ ಮದುವೆಗೆ ಮಾನ್ಯತೆ ಕೊಡೋದು ಸಂಸತ್ತಿನ ಕೆಲಸ ಅಂತು. ಅಂದರೆ ಈಗ ಜೈಲಿಲ್ಲ, ಫಾರಂನಲ್ಲಿ ಜಾಗವೂ ಇಲ್ಲ. ಅದಕ್ಕೇ ಹೇಳುತ್ತೇನೆ, ಅಮ್ಮನ ಪಾಠ ಶುರುವಾಯಿತು ಅಂತ ನಗಬೇಡ. ಇಬ್ಬರೂ ಜಂಟಿ ಖಾತೆ ತೆರೆಯಿರಿ. ಅದಕ್ಕೂ, ಸಂಗಾತಿಯನ್ನು ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಮ್ಯಾನೇಜರು ತಕರಾರು ಮಾಡಿದರೆ ಅದರ ಪ್ರಿಂಟ್ ತೋರಿಸು. ಆದರೆ ನಾಮಿನಿ ಮಾಡಿದರೆ ಮುಗೀತು ಅಂದುಕೊಳ್ಳಬೇಡ. ದುಡ್ಡು ನಾಮಿನಿ ಕೈಗೆ ಬಂದರೂ ವಾರಸುದಾರರು ಬಂದು ಕೇಳಬಹುದು. ವಿಲ್ ಬರೆ. ಇಬ್ಬರು ಸಾಕ್ಷಿಗಳ ಸಹಿ ಬೇಕು, ರಿಜಿಸ್ಟರ್ ಮಾಡಿಸಲೇಬೇಕು ಅಂತೇನಿಲ್ಲ, ಮಾಡಿಸಿದರೆ ಒಳ್ಳೆಯದು. ವಿಲ್ ಇಲ್ಲದಿದ್ದರೆ ನಾವಿಬ್ಬರೂ ಹೋದ ಮೇಲೆ ನಿನ್ನ ದುಡಿಮೆಯೆಲ್ಲ ಅಪ್ಪನ ಕಡೆಯವರ ಪಾಲು. ದೊಡ್ಡಪ್ಪನ ಮನೆಗೆ! ಡಾಕ್ಟರಿಗೆ ತೋರಿಸಿ ಅಂದವರಿಗೆ!

ಬೀದಿಗೆ ಯಾಕೆ ತರುತ್ತೀಯ ಅಂದೆನಲ್ಲ, ಆ ಮಾತು ಜಾಸ್ತಿಯಾಯಿತು. ಆದರೂ ಪೇಪರಿಗೆ ಫೋಟೊ ಕೊಡುವ ಮುಂಚೆ ನಮಗೊಂದು ಮಾತು ಹೇಳಬಹುದಿತ್ತು, ಆ ಸಿಟ್ಟು ಇಳಿದಿಲ್ಲ. ಫೋಟೊ ಏನೋ ಚೆನ್ನಾಗಿ ಬಂದಿದೆ.

ವಿಲ್ ವಿಷಯ ಅವಳ ಹತ್ತಿರ ಮಾತಾಡಿ ಈ ವಾರವೇ ಫೋನ್ ಮಾಡು. ಅವಳೇ ಮಾಡಿದರೂ ಸರಿ. ನಿನಗಿಂತ ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾಳೆ.

ಅಮ್ಮ