ಹದಿನೆಂಟು ಡಾಲರಿನ ‘ಪುಕ್ಕಟೆ’ ಜಮೀನು

ಮಾನ್ಯ ಸಂಪಾದಕರೇ,

ಅಮೆರಿಕದ ಮೊದಲ ಹೋಮ್‌ಸ್ಟೆಡ್ ರೈತ (ಸರ್ಕಾರಿ ಜಮೀನಿನಲ್ಲಿ ನೆಲೆಸಿ, ಉತ್ತು ಹಕ್ಕು ಪಡೆದವನು) ಡೇನಿಯಲ್ ಫ್ರೀಮನ್ ಕುರಿತು ತಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ, ಯುದ್ಧ ಮುಗಿಸಿ ಬಂದ ಯೋಧನಿಗೆ ಸರ್ಕಾರ 160 ಎಕರೆಯನ್ನು ಪುಕ್ಕಟೆ ಕೊಟ್ಟಿತು ಎಂಬರ್ಥದ ಮಾತಿದೆ. ಒಂದೇ ವಾಕ್ಯದಲ್ಲಿ ಮೂರು ತಪ್ಪುಗಳು. ಆಗ ಅಂತರ್ಯುದ್ಧ ಇನ್ನೂ ನಡೆದೇ ಇತ್ತು. ಜಮೀನು ಸಿಕ್ಕಿದ್ದು ಯೋಧನೆಂಬ ಕಾರಣಕ್ಕಲ್ಲ. ಇನ್ನು ಪುಕ್ಕಟೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದ್ದು 1862ರ ಮೇ 20ರಂದು. ಜಾರಿಗೆ ಬಂದದ್ದು 1863ರ ಜನವರಿ 1ರಂದು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನಿಕೆ ಹೊತ್ತವರು ಅರ್ಜಿ ಹಾಕಬಹುದಿತ್ತು. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು, ಪೌರತ್ವ ಪಡೆಯುವುದಾಗಿ ಘೋಷಿಸಿದ ವಲಸಿಗರು ಎಲ್ಲರಿಗೂ ಅವಕಾಶವಿತ್ತು. ಒಕ್ಕೂಟದ, ಅಂದರೆ ಅಮೆರಿಕ ಸರ್ಕಾರದ, ವಿರುದ್ಧ ಆಯುಧ ಹಿಡಿದವರಿಗೆ ಮಾತ್ರ ಇಲ್ಲ. ಸೈನಿಕರಿಗೆ ಆಗ ಇದ್ದ ಮುಖ್ಯ ರಿಯಾಯಿತಿ ವಯಸ್ಸಿನದು, ಅಷ್ಟೇ. ಫ್ರೀಮನ್ ಸೈನ್ಯಕ್ಕೆ ಮರಳುವ ಅವಸರದಲ್ಲಿದ್ದು, ನೆಬ್ರಾಸ್ಕಾದ ಬ್ರೌನ್‌ವಿಲ್‌ನಲ್ಲಿ ಗುಮಾಸ್ತನನ್ನು ಒಪ್ಪಿಸಿ ಮಧ್ಯರಾತ್ರಿ ಕಳೆದೊಡನೆ ಭೂ ಕಚೇರಿ ತೆರೆಸಿದ ಎಂಬ ಕಥೆ ಸೊಗಸಾಗಿದೆ. ಅದೇ ದಿನ ಬೇರೆ ಕಚೇರಿಗಳಲ್ಲೂ ಅರ್ಜಿಗಳು ಬಿದ್ದಿವೆ, ತಾವೇ ಮೊದಲಿಗರೆಂದವರೂ ಇದ್ದಾರೆ. ಫ್ರೀಮನ್ ಹೆಸರು ನಿಂತದ್ದು ಕಾಗದಪತ್ರದ ಬಲದಿಂದ: ಆತನ ಅರ್ಜಿಯ ಸಂಖ್ಯೆ 1, ಹಕ್ಕುಪತ್ರದ ಸಂಖ್ಯೆಯೂ 1.

ಸೈನಿಕರಿಗೆಂದೇ ದೊಡ್ಡ ರಿಯಾಯಿತಿ ಬಂದದ್ದು 1872ರಲ್ಲಿ. ಕನಿಷ್ಠ 90 ದಿನ ದುಡಿದು ಗೌರವದಿಂದ ಬಿಡುಗಡೆಯಾದವನು ತನ್ನ ಸೇವಾವಧಿಯನ್ನು ಹಕ್ಕುಪತ್ರಕ್ಕೆ ಬೇಕಾದ ಐದು ವರ್ಷದ ವಾಸದ ಷರತ್ತಿನಿಂದ ಕಳೆಯಬಹುದಾಯಿತು. ಮೂರು ವರ್ಷ ಸೈನ್ಯದಲ್ಲಿದ್ದವನಿಗೆ ಎರಡೇ ವರ್ಷ ಸಾಕು. ಆದರೆ ಎಷ್ಟೇ ಕಳೆದರೂ ಒಂದು ವರ್ಷವಾದರೂ ನೆಲದ ಮೇಲೆ ಇರಲೇಬೇಕು. ಗಾಯಗೊಂಡು ಮನೆಗೆ ಬಂದವನಿಗೆ, ಸೇರುವಾಗ ಒಪ್ಪಿದ್ದ ಪೂರ್ತಿ ಅವಧಿಯನ್ನೇ ಲೆಕ್ಕಕ್ಕೆ ಹಿಡಿದರು. ಫ್ರೀಮನ್‌ಗೆ ಇದರ ಒಂದು ದಿನದ ಲಾಭವೂ ಇಲ್ಲ. ಆತ ಸಾಗುವಳಿಯ ಸಾಕ್ಷ್ಯ ಒಪ್ಪಿಸಿದ್ದು 1868ರ ಜನವರಿ 20ರಂದು, ಅಂದರೆ ಐದು ವರ್ಷ ಪೂರ್ತಿಯಾಗಿ. ಹಕ್ಕುಪತ್ರದ ತಾರೀಕು 1869ರ ಸೆಪ್ಟೆಂಬರ್ 1. ಕಚೇರಿಯ ಕಡತ ಆಗಲೂ ನಿಧಾನವೇ.

ಇನ್ನು ದುಡ್ಡಿನ ಮಾತು. ಅರ್ಜಿ ಹಾಕುವಾಗ 10 ಡಾಲರ್, ಕಚೇರಿಯವರ ಕಮಿಷನ್ 2, ಕೊನೆಯ ಸಾಕ್ಷ್ಯದ ದಿನ 6, ಒಟ್ಟು 18. 1863ರಲ್ಲಿ ಒಕ್ಕೂಟದ ಸಾಮಾನ್ಯ ಸಿಪಾಯಿಯ ತಿಂಗಳ ಸಂಬಳವೇ 13 ಡಾಲರ್. ಆದರೂ ಜಮೀನಿನ ಖರ್ಚಿನಲ್ಲಿ ಇದು ತೀರ ಸಣ್ಣ ಭಾಗ. ಎತ್ತು, ರೆಂಟೆ, ಬೀಜ, ಬಾವಿ, ಮೊದಲ ಬೆಳೆ ಕೈಗೆ ಬರುವವರೆಗಿನ ಊಟ, ಇವುಗಳಿಗೆ ಸರ್ಕಾರ ಒಂದು ಕಾಸನ್ನೂ ಕೊಡಲಿಲ್ಲ.

ಫ್ರೀಮನ್ ಒಪ್ಪಿಸಿದ ಸಾಕ್ಷ್ಯಪತ್ರ ಉಳಿದಿದೆ. ಅದರಲ್ಲಿ ಮನೆ 14 ಅಡಿಗೆ 20 ಅಡಿ, ಒಂದೇ ಅಂತಸ್ತು, ಅರ್ಧ ದಿಮ್ಮಿಯದು ಅರ್ಧ ಹಲಗೆಯದು. ಎರಡು ಬಾಗಿಲು, ಎರಡು ಕಿಟಕಿ, ಮರದ ಬಿಲ್ಲೆಯ ಮಾಡು, ಹಲಗೆ ಹಾಸಿದ ನೆಲ. ಒಂದು ಲಾಯ, 100 ಅಡಿ ಉದ್ದದ ಕುರಿ ಕೊಟ್ಟಿಗೆ, ಮೆಕ್ಕೆಜೋಳದ ಕಣಜ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಇಬ್ಬರು ನೆರೆಯವರು ಪ್ರಮಾಣ ಮಾಡಿ ಹೌದೆಂದಿದ್ದಾರೆ. ಅಳತೆಯನ್ನು ಇಷ್ಟು ಬಿಡಿಸಿ ಬರೆದದ್ದು ಒಳ್ಳೆಯದೇ ಆಯಿತು. ಮುಂದೆ ಹನ್ನೆರಡಕ್ಕೆ ಹದಿನಾಲ್ಕರ ಮನೆ ಇದೆ ಎಂದು ಪ್ರಮಾಣ ಮಾಡಿ, ಅಡಿಯೋ ಅಂಗುಲವೋ ಹೇಳದೆ, ಬೊಂಬೆಮನೆಯಂಥದ್ದನ್ನು ಇಟ್ಟು ಜಮೀನು ಹೊಡೆದವರ ಕಥೆಗಳೂ ಹುಟ್ಟಿಕೊಂಡವು.

ಆ ಪತ್ರದಲ್ಲಿ ಕೃಷಿಕರ ಕಣ್ಣು ನಿಲ್ಲಬೇಕಾದ ಅಂಕಿ ಬೇರೆ ಇದೆ. 160ರಲ್ಲಿ ಐದು ವರ್ಷಕ್ಕೆ ಉತ್ತದ್ದು ಸುಮಾರು 35 ಎಕರೆ. ಸೋಮಾರಿತನವೆಂದುಕೊಳ್ಳಬೇಡಿ. ಹುಲ್ಲುಗಾವಲಿನ ಬೀಳು ಒಡೆಯುವ ಕೆಲಸವೇ ಹಾಗಿತ್ತು. ಬೇರು ಹೆಣೆದುಕೊಂಡ ಆ ನೆಲದಲ್ಲಿ ಬೀಡುಕಬ್ಬಿಣದ ರೆಂಟೆಗೆ ಜಿಗುಟು ಮಣ್ಣು ಮೆತ್ತಿಕೊಂಡು ಸಾಲು ನಿಂತುಹೋಗುತ್ತಿತ್ತು; ನುಣುಪು ಉಕ್ಕಿನದೇ ಬೇಕು, ಎಳೆಯಲು ಎರಡು ಮೂರು ಜೋಡಿ ಎತ್ತು ಬೇಕು. ದಿನವಿಡೀ ಹೊಡೆದರೆ ಎಕರೆ, ಹೆಚ್ಚೆಂದರೆ ಎರಡೆಕರೆ. ಅದಕ್ಕೆ ಹದವೂ ಉಂಟು. ಮೇ–ಜೂನ್‌ನಲ್ಲಿ ಹುಲ್ಲು ಹಸಿರಾಗಿ ಎದ್ದಾಗ ಎರಡು ಮೂರು ಅಂಗುಲ ಮಾತ್ರ ಸೀಳಿ, ಪಟ್ಟಿಯನ್ನು ಪೂರ್ತಿ ಮಗುಚಬೇಕು. ಆಗ ಬೇರು ಕೊಳೆಯುತ್ತದೆ. ಆಳಕ್ಕೆ ಇಳಿಸಿದರೆ ಬೇರು ಮಣ್ಣಿನೊಂದಿಗೆ ಜೀವ ಹಿಡಿದುಕೊಂಡು ಮತ್ತೆ ಚಿಗುರುತ್ತದೆ. ಬೇಸಿಗೆ ಬಲಿತ ಮೇಲೆ ಹೊಡೆದರೆ ಹೆಂಟೆ ಇಟ್ಟಿಗೆಯಂತೆ ಒಣಗಿ ಮುಂದಿನ ವರ್ಷವೂ ಪುಡಿಯಾಗುವುದಿಲ್ಲ. ಮೊದಲ ವರ್ಷದ ಬಿತ್ತನೆಗೆ ಕೂರಿಗೆ ನಡೆಯದು. ಮಗುಚಿದ ಪಟ್ಟಿಗೆ ಕೊಡಲಿಯಿಂದ ಕಚ್ಚು ಹಾಕಿ, ಎರಡು ಮೂರು ಕಾಳು ಮೆಕ್ಕೆಜೋಳ ಬಿಟ್ಟು, ಹಿಮ್ಮಡಿಯಿಂದ ಒತ್ತಿ ಮುಂದಕ್ಕೆ ನಡೆಯುವುದು. ಇಳುವರಿ ಕಡಿಮೆ. ದನಕ್ಕೆ ಮೇವಾದರೂ ಸಿಕ್ಕಿತೆಂದುಕೊಳ್ಳಬೇಕು. ಸುಗ್ಗಿಯ ಹೊತ್ತಿಗೆ ಅದೇ ಪಟ್ಟಿಯನ್ನು ಒಂದೆರಡು ಅಂಗುಲ ಹೆಚ್ಚು ಆಳಕ್ಕೆ ಹಿಮ್ಮಗುಚಿದರೆ, ಎರಡನೆಯ ವರ್ಷದಿಂದ ನೆಲ ಬೇಸಾಯದ ಮಾತು ಕೇಳುತ್ತದೆ.

ಫ್ರೀಮನ್‌ಗೆ ದಿಮ್ಮಿ ಸಿಕ್ಕಿದ್ದು ಜಮೀನಿನಲ್ಲಿ ಹರಿಯುವ ಕಬ್ ಕ್ರೀಕ್ ಹಳ್ಳದ ದಂಡೆಯ ಮರಗಳಿಂದ. ಬಯಲಲ್ಲಿ ಜಾಗ ಹಿಡಿದವರಿಗೆ ಮರವೇ ಇರಲಿಲ್ಲ. ಅವರು ಹುಲ್ಲಿನ ಹೆಂಟೆಯನ್ನು ಸುಮಾರು ಒಂದಡಿ ಅಗಲ, ಮೂರಡಿ ಉದ್ದ, ನಾಲ್ಕು ಅಂಗುಲ ದಪ್ಪಕ್ಕೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಗೋಡೆ ಕಟ್ಟಿದರು. ಕೆಲವು ವರಸೆಗೊಮ್ಮೆ ಹೆಂಟೆಗಳನ್ನು ಅಡ್ಡಕ್ಕೆ ಹಾಕದಿದ್ದರೆ ಗೋಡೆ ಸೀಳಿಕೊಳ್ಳುತ್ತಿತ್ತು. ಅಂಥ ಮನೆ ಚಳಿಗೆ ಬೆಚ್ಚಗೆ, ಬೇಸಿಗೆಗೆ ತಂಪು, ಸೋಲುವುದು ಮಾಡು. ಮಳೆ ನಿಂತ ಮೇಲೂ ಒಳಗೆ ದಿನಗಟ್ಟಲೆ ಕೆಸರು ತೊಟ್ಟಿಕ್ಕುತ್ತಿತ್ತು. ಆದ್ದರಿಂದಲೇ ಚಾವಣಿಗೆ ಬಟ್ಟೆ ಕಟ್ಟುತ್ತಿದ್ದರು.

1874ರ ಮಿಡತೆ ಹಾವಳಿಯ ಬಗ್ಗೆ ತಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ. ಮೆಕ್ಕೆಜೋಳವಷ್ಟೇ ಹೋಗಲಿಲ್ಲ, ಈರುಳ್ಳಿಯನ್ನು ನೆಲದೊಳಗಿನ ಗಡ್ಡೆಯವರೆಗೂ ತಿಂದವು, ತರಕಾರಿ ಮಡಿಗೆ ಹೊದಿಸಿದ ಕಂಬಳಿಯನ್ನೂ ಬಿಡಲಿಲ್ಲ. ಕೈಬೆವರಿನ ಉಪ್ಪು ಹಿಡಿದ ಸಲಕರಣೆಯ ಹಿಡಿಗಳನ್ನು ಕೆರೆದು ತಿಂದವು. ಆ ಚಳಿಗಾಲ ಸರ್ಕಾರ ನೆಬ್ರಾಸ್ಕಾದ ರೈತರಿಗೆ ಸೈನ್ಯದ ಉಗ್ರಾಣದ ಕೋಟು, ಬೂಟು ಹಂಚಿತು. ಹತ್ತು ವರ್ಷದ ಹಿಂದೆ ಅದನ್ನೇ ಕಳಚಿಟ್ಟು ರೆಂಟೆ ಹಿಡಿದ ಎಷ್ಟೋ ಮಂದಿಗೆ ಮತ್ತೆ ಅದೇ ಕೋಟು.

ಈಗ ಕುಟುಂಬದ ವಿಷಯ. ಆಗ್ನೆಸ್ ಸೂಟರ್ ಮದುವೆಯಾಗಬೇಕಿದ್ದುದು ಡೇನಿಯಲ್‌ನ ತಮ್ಮ ಜೇಮ್ಸ್‌ನನ್ನು. ಆತ ಯುದ್ಧಕಾಲದಲ್ಲಿ ತೀರಿಕೊಂಡ. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ಡೇನಿಯಲ್ ಆಮೇಲೆ ಪತ್ರಗಳಲ್ಲೇ ಮಾತು ಬೆಳೆಸಿ, 1865ರಲ್ಲಿ ಅಯೊವಾದ ಲೆಕ್ಲೇರ್‌ನಲ್ಲಿ ಆಕೆಯನ್ನು ಮದುವೆಯಾದ. ಅಂದಮೇಲೆ ಹಕ್ಕುಪತ್ರಕ್ಕೆ ಬೇಕಾದ ಐದು ವರ್ಷದಲ್ಲಿ ಸುಮಾರು ಮೂರು ವರ್ಷ ಆಕೆಯವೂ ಹೌದು. ಆದರೆ ಗಂಡನೊಂದಿಗಿರುವ ಹೆಂಡತಿ ತನ್ನ ಹೆಸರಲ್ಲಿ ಅರ್ಜಿ ಹಾಕುವಂತಿರಲಿಲ್ಲ. ಹಕ್ಕುಪತ್ರದಲ್ಲಿ ಡೇನಿಯಲ್ ಹೆಸರೊಂದೇ. ಗಂಡ ಅವಧಿ ಮುಗಿಯುವ ಮುನ್ನ ಸತ್ತಿದ್ದರೆ ಮಾತ್ರ ಉಳಿದ ಅವಧಿ ಪೂರೈಸಿ ವಿಧವೆ ಹಕ್ಕು ಪಡೆಯಬಹುದಿತ್ತು. ಡೇನಿಯಲ್ 1908ರಲ್ಲಿ ತೀರಿಕೊಂಡ, ಆಗ್ನೆಸ್ 1931ರವರೆಗೆ ಬದುಕಿದ್ದಳು.

ಮಕ್ಕಳ ಶಾಲೆಯ ವಿಷಯದಲ್ಲಿ ಫ್ರೀಮನ್ ಹೂಡಿದ ಮೊಕದ್ದಮೆ ನಮ್ಮ ದೃಷ್ಟಿಯಲ್ಲಿ ಆ ಮಧ್ಯರಾತ್ರಿಯ ಕಥೆಗಿಂತ ತೂಕದ್ದು. ಊರ ಶಾಲೆಯಲ್ಲಿ ಶಿಕ್ಷಕಿ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುವುದನ್ನು ಎಪ್ಪತ್ತು ದಾಟಿದ ಮುದುಕ ಆಕ್ಷೇಪಿಸಿದ. ಕೆಳ ನ್ಯಾಯಾಲಯದಲ್ಲಿ ಸೋತ. 1902ರಲ್ಲಿ ನೆಬ್ರಾಸ್ಕಾ ಸುಪ್ರೀಂ ಕೋರ್ಟ್ ಆತನ ಪರ ತೀರ್ಪಿತ್ತಿತು. ಅಂಥ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವಂತೆ ಕೊಟ್ಟದ್ದು 1963ರಲ್ಲಿ.

ಇಂಥ ಸೈನಿಕ ರೈತರ ಬಗ್ಗೆ ಬರೆಯುವವರು ಎರಡು ಕಡತ ನೋಡಬೇಕು. ಭೂ ಕಡತಕ್ಕೆ ರಾಜ್ಯ, ಭೂ ಕಚೇರಿ, ಅಂತಿಮ ಪ್ರಮಾಣಪತ್ರದ ಸಂಖ್ಯೆ ಬೇಕು. ಹಕ್ಕುಪತ್ರಗಳ ಸೂಚಿಯಲ್ಲಿ ಹೆಸರಿಲ್ಲವೆಂದು ಕೈಬಿಡಬಾರದು, ನಡುವೆ ಬಿಟ್ಟುಹೋದವರ ಹೆಸರು ಅಲ್ಲಿ ಬರುವುದೇ ಇಲ್ಲ. ಇನ್ನೊಂದು ಪಿಂಚಣಿ ಕಡತ. 1862ರ ಕಾಯ್ದೆಯಂತೆ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. 1866ರಿಂದ 16 ತುಂಬದ ಪ್ರತಿ ಮಗುವಿಗೆ ಮತ್ತೆ 2. ಮರುಮದುವೆಯಾದರೆ ನಿಲ್ಲುತ್ತಿತ್ತು. ಮದುವೆಯನ್ನೂ ಮಕ್ಕಳ ಹುಟ್ಟನ್ನೂ ರುಜುವಾತುಪಡಿಸಲು ಕೆಲವರು ಮನೆಯ ಬೈಬಲ್‌ನ ಹಾಳೆಯನ್ನೇ ಹರಿದು ಕಳಿಸಿದ್ದಾರೆ, ಹೆಂಡತಿ ಮಕ್ಕಳ ಹೆಸರು ಸಿಗುವುದು ಅಲ್ಲಿ. ಒಂದೇ ಹೆಸರಿನ ಸಿಪಾಯಿಗಳು ಹತ್ತಾರು ಇರುವುದರಿಂದ ರೆಜಿಮೆಂಟಿನ ಸಂಖ್ಯೆ ಹೊಂದಿಸದೆ ಮುಂದುವರಿದರೆ ಬೇರೊಬ್ಬರ ವಂಶವನ್ನು ಬರೆದಂತಾದೀತು.

ಕೊನೆಗೆ, ಆ ಜಮೀನು ಖಾಲಿ ಬಿದ್ದಿತ್ತು ಎಂದಿರುವುದೂ ಸರಿಯಲ್ಲ. ಒಟೊ–ಮಿಸೂರಿಯಾ ಎಂಬ ಮೂಲನಿವಾಸಿ ಜನ 1854ರ ಒಪ್ಪಂದದಲ್ಲಿ ಅಲ್ಲಿನ ಸೀಮೆಯನ್ನು ಬಿಟ್ಟುಕೊಟ್ಟು, ಫ್ರೀಮನ್ ಜಮೀನಿರುವ ಗೇಜ್ ಕೌಂಟಿಯ (ಜಿಲ್ಲೆಯ) ದಕ್ಷಿಣದಲ್ಲೇ ಬಿಗ್ ಬ್ಲೂ ನದಿಯ ದಂಡೆಗೆ ಸರಿದಿದ್ದರು. ಫ್ರೀಮನ್‌ನ ಪೀಚ್ ಗಿಡಗಳು ಫಲ ಬಿಡುವ ಕಾಲದಲ್ಲಿ ಅವರು ಇನ್ನೂ ಅಲ್ಲೇ ನೆರೆಯಲ್ಲಿದ್ದರು. 1881ರಲ್ಲಿ ಅವರನ್ನು ಅಲ್ಲಿಂದಲೂ ಈಗಿನ ಓಕ್ಲಹೋಮಾಕ್ಕೆ ಕಳಿಸಲಾಯಿತು.

ತಿದ್ದುಪಡಿ ಹಾಕುವುದಾದರೆ ‘ಪುಕ್ಕಟೆ’ ತೆಗೆದು ‘ಐದು ವರ್ಷದ ವಾಸ, ಸಾಗುವಳಿ ಮತ್ತು 18 ಡಾಲರ್ ಶುಲ್ಕದ ಮೇಲೆ’ ಎಂದು ಹಾಕಬೇಕಾಗಿ ಕೋರಿಕೆ. ಚಿತ್ರದ ಅಡಿಬರಹದಲ್ಲಿ ‘ಫ್ರೀಮನ್ ಮತ್ತು ಪತ್ನಿ’ ಎಂದಿದೆ. ಅಲ್ಲಿ ಆಗ್ನೆಸ್ ಎಂದೂ ಸೇರಿಸಿ.

— ಕೃಷಿ ಇತಿಹಾಸದ ಓದುಗರು