ವಿಮಾ ಪ್ರಾಧಿಕಾರದ ಅಧ್ಯಕ್ಷರಿಗೆ ಬಾಗಲಕೋಟೆಯಿಂದ ಒಂದು ಪತ್ರ: ಹೊಸ ಲೆಕ್ಕವನ್ನು ಇನ್ನು ಮುಂದೂಡಬೇಡಿ

ಮಾನ್ಯ ಐಆರ್‌ಡಿಎಐ ಅಧ್ಯಕ್ಷರೇ,

ನಾನು ಬಾಗಲಕೋಟೆ ನವನಗರದವನು. ಕಿರಾಣಿ ಅಂಗಡಿಗಳ ಕೀರ್ದಿ, ಖಾತೆ ಬರೆದು ಹೊಟ್ಟೆ ಹೊರೆಯುವವನು. ವಿಮಾ ಕಂಪನಿಗಳು ಲೆಕ್ಕ ಬರೆಯುವ ಹೊಸ ಪದ್ಧತಿ ಇಂಡ್ ಎಎಸ್ 117, ಅದರ ವಿಷಯ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಅವ್ವನ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರ ಬಂತು. ಅದನ್ನು ಎಫ್‌ಡಿ ಇಡಲು ಅವ್ವ ಬ್ಯಾಂಕಿಗೆ ಹೋದಳು. ಅವಳಿಗೆ ಸಹಿ ಬರುತ್ತೆ, ಇಂಗ್ಲಿಷ್ ಓದಲು ಬರಲ್ಲ. ತೋರಿಸಿದಲ್ಲೆಲ್ಲ ಸಹಿ ಹಾಕಿ ಬಂದಳು. ಮರುವರ್ಷ ಫೋನ್ ಬಂತು: "ಅಮ್ಮಾ, ಎರಡನೇ ಕಂತು ಕಟ್ಟಿ." ನೋಡಿದರೆ ಮೊಮ್ಮಗನ ಹೆಸರಲ್ಲಿ ಹತ್ತು ವರ್ಷ ಕಟ್ಟುವ ಜೀವ ವಿಮೆ! ಫಾರಂನಲ್ಲಿ ಅವ್ವನ ಉದ್ಯೋಗ ವ್ಯಾಪಾರ. ಬಾಂಡ್ ಎಲ್ಲಿ ಅಂದರೆ ಇಮೇಲ್‌ಗೆ ಕಳಿಸಿದ್ದೇವೆ ಅಂದರು. ಅವ್ವನಿಗೊಂದು ಇಮೇಲ್ ವಿಳಾಸ ಇದೆ ಅಂತ ನಮಗೆ ಗೊತ್ತಾಗಿದ್ದೇ ಆಗ. ಅಷ್ಟರಲ್ಲಿ ಪಾಲಿಸಿ ಬೇಡ ಅಂತ ವಾಪಸ್ ಮಾಡುವ ಗಡುವೂ ಮುಗಿದಿತ್ತು. ಅರ್ಜಿ ಕೊಟ್ಟಲ್ಲೆಲ್ಲ ಒಂದೇ ಮಾತು: "ಸಹಿ ನಿಮ್ಮ ತಾಯಿಯದೇ ಅಲ್ವಾ?"

ಇದಕ್ಕೂ ಲೆಕ್ಕದ ಪದ್ಧತಿಗೂ ಏನು ಸಂಬಂಧ ಅಂತೀರಾ? ಅವ್ವ ಕಟ್ಟಿದ ಅಷ್ಟೂ ಹಣ ಆ ವರ್ಷವೇ ಕಂಪನಿಯ ಪುಸ್ತಕದಲ್ಲಿ ಪ್ರೀಮಿಯಂ ಆದಾಯ. ಎಷ್ಟು ಪ್ರೀಮಿಯಂ ತಂದರು ಅನ್ನೋದೇ ದೊಡ್ಡಸ್ತಿಕೆ, ಅದಕ್ಕೇ ಅವ್ವನಂಥವರ ಸಹಿಗೆ ಅಷ್ಟು ಆತುರ. ಹೊಸ ಪದ್ಧತಿಯಲ್ಲಿ ಹಾಗೆ ಬರೆಯಲು ಆಗಲ್ಲ. ಏನೇ ಆದರೂ ಗ್ರಾಹಕರಿಗೆ ವಾಪಸ್ ಕೊಡಲೇಬೇಕಾದ ಭಾಗ ಆದಾಯಕ್ಕೆ ಸೇರಲ್ಲ. ಲಾಭವನ್ನು ಸೇವೆ ಕೊಟ್ಟಂತೆಲ್ಲ ವರ್ಷವರ್ಷ ತೋರಿಸಬೇಕು. ಕಂಪನಿಗೆ ನಷ್ಟ ತರುವ ಪಾಲಿಸಿ ಇದ್ದರೆ ಆ ನಷ್ಟ ಗೊತ್ತಾದ ಕೂಡಲೇ ಬರೆಯಬೇಕು. ಇಳಕಲ್ಲಿನ ನೇಕಾರನಿಗೂ ಇದು ಗೊತ್ತು. ಸೀರೆಗೆ ಮುಂಗಡ ಬಂದ ದಿನವೇ ಅವನು ಅದನ್ನು ಗಳಿಕೆ ಅನ್ನಲ್ಲ.

ವಿಮಾ ಕಂಪನಿಗಳಿಗೆ ಇಂಡ್ ಎಎಸ್ (ಭಾರತದ ಲೆಕ್ಕದ ಮಾನದಂಡಗಳು) ತರುತ್ತೇವೆ ಅಂದವರು 2017ರಲ್ಲಿ ಎರಡು ವರ್ಷ ಮುಂದೂಡಿದಿರಿ. 2020ರಲ್ಲಿ ಮತ್ತೆ ತಡೆದಿರಿ. 117ರ ಮೂಲವಾದ ಅಂತಾರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 17 ಹೊರಗಿನ ಹಲವು ದೇಶಗಳಲ್ಲಿ 2023ರ ಜನವರಿಯಿಂದಲೇ ಶುರುವಾಯಿತು. ನಮ್ಮ ಕಂಪನಿ ವ್ಯವಹಾರಗಳ ಸಚಿವಾಲಯ 2024ರ ಆಗಸ್ಟ್‌ನಲ್ಲಿ 117 ಹೊರಡಿಸಿತು. ಆಗಲೂ ವಿಮಾ ಕಂಪನಿಗಳ ಸರದಿ ನಿಮ್ಮ ಆದೇಶಕ್ಕೇ ಬಿಟ್ಟ ಮಾತಾಯಿತು. ಕಂಪನಿಗಳಿಗೆ ಸಾಫ್ಟ್‌ವೇರ್ ಬೇಕು, ಆಕ್ಚುಯರಿ (ವಿಮೆಯ ಅಪಾಯದ ಲೆಕ್ಕ ಹಾಕುವವರು) ಬೇಕು, ಸಮಯ ಬೇಕು. ಒಪ್ಪಿದೆ. ನಮ್ಮ ಅವ್ವನಿಗೆ ಎರಡನೇ ಕಂತಿಗೆ ಯಾರೂ ಸಮಯ ಕೊಡಲಿಲ್ಲ ನೋಡಿ.

ಹೊಸ ಲೆಕ್ಕ ಬಂದರೆ ಅವ್ವನ ದುಡ್ಡು ವಾಪಸ್ ಬರಲ್ಲ, ಅದು ಗೊತ್ತು. ಆದರೂ ಮುಂದೂಡಬೇಡಿ. ಯಾವ ಕಂಪನಿಗೂ ವಿನಾಯಿತಿ ಕೊಡಬೇಡಿ. ಬೋನಸ್ ಪಾಲಿಸಿ ಇರುವವರ ಪಾಲಿಗೆ, 150 ಪರ್ಸೆಂಟ್ ಸಾಲ್ವೆನ್ಸಿ ನಿಯಮಕ್ಕೆ (ಕ್ಲೇಮ್ ಕೊಡಲು ಕಂಪನಿ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಬಂಡವಾಳದ ನಿಯಮ) ಇದರಿಂದ ಏನಾಗುತ್ತೆ ಅಂತ ಪ್ರತಿ ಕಂಪನಿಯಿಂದ ಎರಡು ಪುಟ ಕನ್ನಡದಲ್ಲಿ ಬರೆಸಿ. ಬ್ಯಾಂಕಿನ ಗೋಡೆಗೆ ಅಂಟಿಸಿ. ಮತ್ತೊಮ್ಮೆ ಹೇಳ್ತೀನಿ, ಮುಂದೂಡಬೇಡಿ ಸಾಹೇಬರೇ.

ಇತಿ,
ಪಾಲಿಸಿ ಕಟ್ಟಿದವಳ ಮಗ,
ನವನಗರ, ಬಾಗಲಕೋಟೆ